ಮರಿಯಾ ತೆರೇಸಾ ಟಾಲರ್: 1780ರ ಇಸವಿಯುಳ್ಳ ಬೆಳ್ಳಿ ನಾಣ್ಯದ ಕಾಲನಿರ್ಣಯ ಮತ್ತು ಸಂಗ್ರಹ

1. ಪ್ರಸ್ತಾವನೆ

ಇತಿಹಾಸದ ಆಕರಗಳಲ್ಲಿ ಇಸವಿಯುಳ್ಳ ನಾಣ್ಯಕ್ಕೆ ವಿಶೇಷ ಮನ್ನಣೆಯಿದೆ. ಶಾಸನದಲ್ಲಿ ತೇದಿಯ ಭಾಗ ಅಳಿಸಿಹೋಗಿರಬಹುದು. ಸಾಹಿತ್ಯಕೃತಿಯ ಕಾಲ ವಿವಾದಗ್ರಸ್ತವಾಗಿರಬಹುದು. ಆದರೆ ಉತ್ಖನನದ ಒಂದು ಪದರದಲ್ಲಿಯೋ ಹೂತಿಟ್ಟ ಗಡಿಗೆಯಲ್ಲಿಯೋ ಇಸವಿಯುಳ್ಳ ಒಂದೇ ಒಂದು ನಾಣ್ಯ ದೊರೆತರೂ ಕಾಲನಿರ್ಣಯಕ್ಕೆ ಗಟ್ಟಿಯಾದ ನೆಲೆ ಸಿಕ್ಕಿತೆಂದು ಸಂಶೋಧಕರು ಭಾವಿಸುತ್ತಾರೆ. ಈ ಭಾವನೆಯನ್ನು ಎಚ್ಚರದಿಂದ ಪರಿಶೀಲಿಸುವಂತೆ ಮಾಡುವ ಬೆಳ್ಳಿ ನಾಣ್ಯವೊಂದು ಯುರೋಪಿನ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿ ಹುಟ್ಟಿ, ಪೂರ್ವ ಆಫ್ರಿಕ ಮತ್ತು ಅರೇಬಿಯಗಳ ಮಾರುಕಟ್ಟೆಗಳಲ್ಲಿ ಬೆಳೆದು, ಮುಂಬಯಿಯ ಟಂಕಸಾಲೆಯಲ್ಲಿಯೂ ಅಚ್ಚಾಯಿತು. ಅದುವೇ ಮರಿಯಾ ತೆರೇಸಾ ಟಾಲರ್.

ಈ ನಾಣ್ಯದ ಮೇಲೆ 1780 ಎಂಬ ಇಸವಿಯಿದೆ. ಆದರೆ ಅದು 1781ರಲ್ಲಿಯೂ 1850ರಲ್ಲಿಯೂ 1936ರಲ್ಲಿಯೂ ಅದೇ ಇಸವಿಯೊಂದಿಗೆ ಟಂಕಿತವಾಗಿದೆ. ವಿಯೆನ್ನಾದಲ್ಲಿ ಇಂದಿಗೂ ಟಂಕಿತವಾಗುತ್ತಿದೆ. 2000ದವರೆಗೆ ಅಚ್ಚಾದ ಇಂತಹ ನಾಣ್ಯಗಳ ಸಂಖ್ಯೆ 38 ಕೋಟಿಗೂ ಹೆಚ್ಚು ಎಂದು ಅಂದಾಜಿಸಲಾಗಿದೆ. ಹೀಗಾಗಿ ಸಂಗ್ರಾಹಕನ ಕೈಗೆ ಬರುವ ಟಾಲರ್ ಎರಡು ಶತಮಾನಗಳ ಹಿಂದಿನದಾಗಿರಬಹುದು, ಅಥವಾ ಅವನ ಜೀವಿತಕಾಲದಲ್ಲಿಯೇ ಅಚ್ಚಾದುದಾಗಿರಬಹುದು. ಈ ನಾಣ್ಯದ ಹುಟ್ಟು, ಅದರ ಇಸವಿ ಸ್ಥಗಿತಗೊಂಡ ಕಾರಣ, ಬೇರೆ ಬೇರೆ ಟಂಕಸಾಲೆಗಳ ಉತ್ಪನ್ನಗಳನ್ನು ಗುರುತಿಸುವ ವಿಧಾನ ಹಾಗೂ ಸಂಗ್ರಾಹಕನ ಹೊಣೆಗಾರಿಕೆ, ಇವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಟಾಲರ್ ನಾಣ್ಯದ ಹಿನ್ನೆಲೆ

ಹದಿನಾರನೆಯ ಶತಮಾನದ ಆರಂಭದಲ್ಲಿ ಬೊಹಿಮಿಯ ಪ್ರಾಂತದ ಯೋಆಖಿಮ್ಸ್‌ಟಾಲ್ ಎಂಬ ಕಣಿವೆಯಲ್ಲಿ ಬೆಳ್ಳಿಯ ಸಮೃದ್ಧ ಗಣಿಗಳು ದೊರೆತವು. ಈ ಊರು ಈಗಿನ ಚೆಕ್ ಗಣರಾಜ್ಯದಲ್ಲಿದೆ. 1520ರ ಸುಮಾರಿನಿಂದ ಅಲ್ಲಿ ಟಂಕಿತವಾದ ದೊಡ್ಡ ಬೆಳ್ಳಿ ನಾಣ್ಯವನ್ನು ಜನರು ಊರಿನ ಹೆಸರಿನಿಂದಲೇ 'ಯೋಆಖಿಮ್ಸ್‌ಟಾಲರ್' ಎಂದು ಕರೆದರು. ಜರ್ಮನ್ ಭಾಷೆಯಲ್ಲಿ 'ಟಾಲ್' ಎಂದರೆ ಕಣಿವೆ. ಈ ಉದ್ದನೆಯ ಹೆಸರು ಮೊಟಕುಗೊಂಡು 'ಟಾಲರ್' ಆಯಿತು. 'ಡಾಲರ್' ಎಂಬ ಶಬ್ದವೂ ಇದೇ ಮೂಲದ್ದು.

ಮರಿಯಾ ತೆರೇಸಾ 1717ರಲ್ಲಿ ಜನಿಸಿ, 1740ರಿಂದ 1780ರವರೆಗೆ ಹ್ಯಾಬ್ಸ್‌ಬರ್ಗ್ ವಂಶದ ವಿಶಾಲ ಪ್ರದೇಶಗಳನ್ನು ಆಳಿದಳು. ಆಕೆಯ ಹೆಸರಿನ ಟಾಲರ್‌ಗಳು 1741ರಿಂದ ಟಂಕಿತವಾದವು. ಸತತ ಯುದ್ಧಗಳಿಂದ ಬಳಲಿದ ರಾಜ್ಯದ ಹಣಕಾಸನ್ನು ಸುಧಾರಿಸುವ ಕ್ರಮಗಳಲ್ಲಿ ನಾಣ್ಯಪದ್ಧತಿಯ ಪರಿಷ್ಕರಣೆಯೂ ಒಂದಾಗಿತ್ತು. 1750ರಲ್ಲಿ ಜಾರಿಗೆ ಬಂದ ಹೊಸ ಪ್ರಮಾಣವನ್ನು 1753ರಲ್ಲಿ ಬವೇರಿಯಾದೊಡನೆ ಮಾಡಿಕೊಂಡ ಒಪ್ಪಂದವು ಸ್ಥಿರಗೊಳಿಸಿತು. ಇದರ ಪ್ರಕಾರ ಒಂದು 'ಕಲೋನ್ ಮಾರ್ಕ್' ತೂಕದ ಶುದ್ಧ ಬೆಳ್ಳಿಯಿಂದ, ಅಂದರೆ ಸುಮಾರು 233.9 ಗ್ರಾಮಿನಿಂದ, ಹತ್ತು ಟಾಲರ್‌ಗಳನ್ನು ಮಾಡಬೇಕಾಗಿತ್ತು. ಈ ಲೆಕ್ಕದಂತೆ ಒಂದು ಟಾಲರಿನಲ್ಲಿ 23.39 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ. ತಾಮ್ರದ ಬೆರಕೆ ಸೇರಿದಂತೆ ನಾಣ್ಯದ ಒಟ್ಟು ತೂಕ 28.07 ಗ್ರಾಂ, ಬೆಳ್ಳಿಯ ಪ್ರಮಾಣ ಸಾವಿರಕ್ಕೆ 833 ಭಾಗ.

ನಮ್ಮ ದೇಶದ ಪರಿಚಿತ ನಾಣ್ಯದೊಂದಿಗೆ ಹೋಲಿಸಿದರೆ ಇದರ ಗಾತ್ರ ಸ್ಪಷ್ಟವಾಗುತ್ತದೆ. 1835ರ ನಂತರದ ಕಂಪನಿ ಸರ್ಕಾರದ ಹಾಗೂ ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಕವಿದ್ದು, ಅದರ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯಾಗಿತ್ತು. ಶುದ್ಧ ಬೆಳ್ಳಿಯ ಲೆಕ್ಕದಲ್ಲಿ ಒಂದು ಟಾಲರ್ ಸುಮಾರು 2.19 ರೂಪಾಯಿಗೆ ಸಮನಾಗುತ್ತದೆ.

3. ನಾಣ್ಯದ ಲಕ್ಷಣಗಳು

1780ರ ಟಾಲರಿನ ಮುಮ್ಮುಖದಲ್ಲಿ ಬಲಕ್ಕೆ ಮುಖಮಾಡಿದ ರಾಣಿಯ ಎದೆಮಟ್ಟದ ಚಿತ್ರವಿದೆ. ತಲೆಯ ಮೇಲೆ ರತ್ನಖಚಿತ ಪಟ್ಟಿಯೂ ಅದರ ಹಿಂದೆ ಇಳಿಬಿದ್ದ ಮುಸುಕೂ ಇವೆ. ಈ ಮುಸುಕು ವೈಧವ್ಯದ ಸೂಚಕ. ಪತಿಯಾದ ಚಕ್ರವರ್ತಿ ಒಂದನೆಯ ಫ್ರಾನ್ಸಿಸ್ 1765ರಲ್ಲಿ ತೀರಿಕೊಂಡ ನಂತರದ ನಾಣ್ಯಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಅದಕ್ಕೂ ಹಿಂದಿನ ನಾಣ್ಯಗಳಲ್ಲಿ ಮುಸುಕಿಲ್ಲದ, ಎಳೆಯ ವಯಸ್ಸಿನ ಮುಖವಿದೆ. ಭುಜದ ಮೇಲೆ ಮುತ್ತುಗಳಿಂದ ಸುತ್ತುವರಿದ ಒಂದು ಪದಕವಿದ್ದು, ಇದು ಮುಂದೆ ಈ ನಾಣ್ಯದ ಚರಿತ್ರೆಯಲ್ಲಿ ಬಹಳ ಮಹತ್ವ ಪಡೆಯಿತು. ಚಿತ್ರದ ಕೆಳಗೆ 'ಎಸ್.ಎಫ್.' ಎಂಬ ಎರಡು ಅಕ್ಷರಗಳಿವೆ.

ಸುತ್ತಲೂ ಲ್ಯಾಟಿನ್ ಭಾಷೆಯ ಸಂಕ್ಷಿಪ್ತ ಬರಹವಿದೆ. 'ದೇವರ ಕೃಪೆಯಿಂದ ರೋಮನ್ ಸಾಮ್ರಾಜ್ಞಿ, ಹಂಗೇರಿ ಮತ್ತು ಬೊಹಿಮಿಯಗಳ ರಾಣಿ ಮರಿಯಾ ತೆರೇಸಾ' ಎಂಬುದು ಅದರ ಅರ್ಥ. ಹಿಮ್ಮುಖದಲ್ಲಿ ಕಿರೀಟಧಾರಿಯಾದ ಎರಡು ತಲೆಯ ಹದ್ದು, ಅದರ ಎದೆಯ ಮೇಲೆ ರಾಜ್ಯಗಳ ಲಾಂಛನಗಳುಳ್ಳ ಗುರಾಣಿ ಇವೆ. ಅಲ್ಲಿನ ಬರಹವು ಮುಮ್ಮುಖದ ಬಿರುದುಗಳನ್ನು ಮುಂದುವರಿಸಿ, 'ಆಸ್ಟ್ರಿಯಾದ ಆರ್ಚ್‌ಡಚೆಸ್, ಬರ್ಗಂಡಿಯ ಡಚೆಸ್, ಟಿರೋಲಿನ ಕೌಂಟೆಸ್' ಎಂದು ಹೇಳಿ 1780 ಎಂಬ ಇಸವಿಯಿಂದ ಮುಗಿಯುತ್ತದೆ. ಇಸವಿಯ ಮುಂದೆ ಗುಣಾಕಾರದ ಚಿಹ್ನೆಯನ್ನು ಹೋಲುವ ಒಂದು ಓರೆ ಶಿಲುಬೆಯಿದೆ. 1750ರ ಹೊಸ ಬೆಳ್ಳಿ ಪ್ರಮಾಣವನ್ನು ಸೂಚಿಸಲು ಇದನ್ನು ಸೇರಿಸಲಾಯಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ.

ನಾಣ್ಯದ ಅಂಚು ಇನ್ನೊಂದು ಮುಖ್ಯ ಲಕ್ಷಣ. 'ನ್ಯಾಯ ಮತ್ತು ದಯೆ' ಎಂಬ ಅರ್ಥದ 'ಯುಸ್ಟಿಟಿಯಾ ಎಟ್ ಕ್ಲೆಮೆಂಟಿಯಾ' ಎಂಬ ಧ್ಯೇಯವಾಕ್ಯವು ಅಲಂಕಾರದ ಬಳ್ಳಿಗಳೊಡನೆ ಅಂಚಿನುದ್ದಕ್ಕೂ ಉಬ್ಬಾಗಿ ಮೂಡಿದೆ. ಅಂಚನ್ನು ಕತ್ತರಿಸಿ ಅಥವಾ ಅರದಿಂದ ಉಜ್ಜಿ ಬೆಳ್ಳಿ ಕದಿಯುವುದು ಅಂದಿನ ಎಲ್ಲ ದೇಶಗಳ ಪಿಡುಗಾಗಿತ್ತು. ಈ ನಾಣ್ಯದಲ್ಲಿ ಅಂತಹ ಕಳವು ನಡೆದರೆ ಮೊದಲ ನೋಟಕ್ಕೇ ಗೊತ್ತಾಗುತ್ತಿತ್ತು. ತಕ್ಕಡಿಯಿಲ್ಲದ ಸಂತೆಯಲ್ಲಿಯೂ ಇದನ್ನು ಎಣಿಸಿ ಸ್ವೀಕರಿಸಬಹುದಾಗಿದ್ದುದಕ್ಕೆ ಇದು ಒಂದು ಕಾರಣ.

4. ಸ್ಥಗಿತಗೊಂಡ ಇಸವಿ

ಮರಿಯಾ ತೆರೇಸಾ 1780ರ ನವೆಂಬರ್ 29ರಂದು ಮರಣಹೊಂದಿದಳು. ವಾಡಿಕೆಯಂತೆ ಅಂದಿನಿಂದ ಆಕೆಯ ಮಗ ಎರಡನೆಯ ಜೋಸೆಫನ ಮುಖವುಳ್ಳ ನಾಣ್ಯಗಳಷ್ಟೇ ಹೊರಬರಬೇಕಾಗಿತ್ತು. ಆದರೆ ಆ ಹೊತ್ತಿಗೆ ಆಕೆಯ ಟಾಲರ್ ಸಾಮ್ರಾಜ್ಯದ ಗಡಿಯನ್ನು ದಾಟಿ ದೂರ ಹೋಗಿತ್ತು. ಯೆಮನಿನ ಮೋಖಾ ಬಂದರಿನಿಂದ ಕಾಫಿಯನ್ನು ಕೊಳ್ಳುತ್ತಿದ್ದ ಯುರೋಪಿನ ವರ್ತಕರ ಬಳಿ ಅರಬರಿಗೆ ಬೇಕಾದ ಸರಕು ಕಡಿಮೆಯಿತ್ತು. ಬಾಬಾಬುಡನ್ ಗಿರಿಗೆ ಕಾಫಿಯ ಬೀಜ ಬಂದುದು ಈ ಯೆಮನಿನಿಂದಲೇ ಎಂಬ ಐತಿಹ್ಯ ನಮ್ಮಲ್ಲಿ ಪ್ರಸಿದ್ಧವಾಗಿದೆ. ಕಾಫಿಗೆ ಬದಲಾಗಿ ಬೆಳ್ಳಿಯನ್ನೇ ಕೊಡಬೇಕಾಗಿ ಬಂದಾಗ, ತೂಕ ಮತ್ತು ಶುದ್ಧತೆಗಳಲ್ಲಿ ಏರುಪೇರಿಲ್ಲದ ಈ ಟಾಲರ್ ಅಲ್ಲಿನ ಜನರ ವಿಶ್ವಾಸವನ್ನು ಗಳಿಸಿತು. ಹೊಸ ದೊರೆಯ ಮುಖವುಳ್ಳ ನಾಣ್ಯವನ್ನು ಅವರು ಒಪ್ಪಲು ಹಿಂಜರಿದರು.

ದಕ್ಷಿಣ ಜರ್ಮನಿಯ ಗುಂಟ್ಸ್‌ಬರ್ಗ್ ಎಂಬಲ್ಲಿ 1764ರಲ್ಲಿ ಸ್ಥಾಪಿತವಾಗಿದ್ದ ಹ್ಯಾಬ್ಸ್‌ಬರ್ಗ್ ಟಂಕಸಾಲೆಯು ಸಮೀಪದ ಆಗ್ಸ್‌ಬರ್ಗಿನ ಬೆಳ್ಳಿ ವ್ಯಾಪಾರಿಗಳಿಗೆ ಟಾಲರ್‌ಗಳನ್ನು ಒದಗಿಸುತ್ತಿತ್ತು. ರಾಣಿಯ ಮರಣದ ನಂತರವೂ ಅವರ ಬೇಡಿಕೆಗೆ ಅನುಗುಣವಾಗಿ 1780ರ ಅಚ್ಚಿನಿಂದಲೇ ಟಂಕನ ಮುಂದುವರಿಯಿತು. ಮೇಲೆ ಹೇಳಿದ ಎಸ್. ಮತ್ತು ಎಫ್. ಅಕ್ಷರಗಳು ಈ ಟಂಕಸಾಲೆಯ ಅಧಿಕಾರಿಗಳಾದ ಶೋಬ್ಲ್ ಮತ್ತು ಫಾಬಿ ಎಂಬುವರ ಹೆಸರಿನ ಮೊದಲಕ್ಷರಗಳು. 1805ರ ಯುದ್ಧಾನಂತರ ಗುಂಟ್ಸ್‌ಬರ್ಗ್ ಬವೇರಿಯಾದ ವಶವಾಗಿ ಅಲ್ಲಿನ ಹ್ಯಾಬ್ಸ್‌ಬರ್ಗ್ ಟಂಕನ ನಿಂತಿತು. ಆದರೂ ಮುಂದೆ ಬೇರೆ ಊರುಗಳಲ್ಲಿ ಅಚ್ಚಾದ ಬಹುತೇಕ ಟಾಲರ್‌ಗಳು ಅವೇ ಅಕ್ಷರಗಳನ್ನು ಉಳಿಸಿಕೊಂಡವು. ಆದ್ದರಿಂದ ಈ ನಾಣ್ಯದ ಇಸವಿಯು ಕಾಲವನ್ನು ತಿಳಿಸುವುದಿಲ್ಲ. ಅದರ ಟಂಕಸಾಲೆಯ ಗುರುತು ಸ್ಥಳವನ್ನೂ ತಿಳಿಸುವುದಿಲ್ಲ.

ಈ ವಿದ್ಯಮಾನ ಭಾರತೀಯ ನಾಣ್ಯಗಳ ಅಭ್ಯಾಸಿಗಳಿಗೆ ಅಪರಿಚಿತವೇನೂ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯು ಬಂಗಾಳದಲ್ಲಿ ಟಂಕಿಸಿದ ಮುರ್ಷಿದಾಬಾದ್ ಮಾದರಿಯ ರೂಪಾಯಿಗಳಲ್ಲಿ ಮೊಗಲ್ ಬಾದಶಹ ಎರಡನೆಯ ಷಾ ಆಲಮನ 19ನೆಯ ಆಳ್ವಿಕೆಯ ವರ್ಷವೇ ದಶಕಗಳ ಕಾಲ ಸ್ಥಿರವಾಗಿ ನಿಂತಿತು. ಕರ್ನಾಟಕದಲ್ಲಿಯೂ ಸದೃಶವಾದ ಪ್ರವೃತ್ತಿ ಕಂಡುಬರುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಶಿವಪಾರ್ವತಿಯರ ಚಿತ್ರವುಳ್ಳ ಹಿಂದಿನ ವರಾಹದ ಮಾದರಿಯನ್ನು ಕೈಬಿಡದೆ, ಹಿಮ್ಮುಖದಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಸೇರಿಸಿ ಟಂಕಿಸಿದನು. ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣವು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 'ಗಿಡ್ಡ ಕಂಠೀರಾಯಿ'ಯಾಗಿ ಮರಳಿ ಟಂಕಿತವಾಯಿತು. ಜನರ ಕೈಯಲ್ಲಿ ನಂಬಿಕೆ ಗಳಿಸಿದ ನಾಣ್ಯವನ್ನು ಆಳುವವರು ಸುಲಭವಾಗಿ ಬದಲಿಸಲಾರರೆಂಬುದು ಇವೆಲ್ಲವುಗಳಿಂದ ವ್ಯಕ್ತವಾಗುತ್ತದೆ. ಆದರೆ ಟಾಲರಿನಷ್ಟು ದೀರ್ಘಕಾಲ, ಅದನ್ನು ಹೊರಡಿಸಿದ ಸಾಮ್ರಾಜ್ಯವೇ 1918ರಲ್ಲಿ ಕಣ್ಮರೆಯಾದ ನಂತರವೂ, ಒಂದೇ ರೂಪದಲ್ಲಿ ಉಳಿದ ನಾಣ್ಯ ಬಹುಶಃ ಬೇರೊಂದಿಲ್ಲ.

5. ಆಫ್ರಿಕ ಮತ್ತು ಅರೇಬಿಯಗಳಲ್ಲಿ ಚಲಾವಣೆ

ಟ್ರಿಯೆಸ್ಟ್ ಬಂದರಿನಿಂದ ಈಜಿಪ್ಟಿನ ಮೂಲಕ ಕೆಂಪು ಸಮುದ್ರದ ಎರಡೂ ದಡಗಳಿಗೆ ಈ ನಾಣ್ಯ ಹರಡಿತು. ಇಥಿಯೋಪಿಯ, ಸುಡಾನ್, ಯೆಮನ್, ಹಿಜಾಜ್ ಮತ್ತು ಒಮಾನ್‌ಗಳಲ್ಲಿ ಇದು ದೊಡ್ಡ ವ್ಯವಹಾರಗಳ ಮುಖ್ಯ ನಾಣ್ಯವಾಯಿತು. ಅಮ್ಹಾರಿಕ್ ಭಾಷೆಯಲ್ಲಿ ಇದನ್ನು 'ಬಿರ್' ಎಂದು ಕರೆದರು. ಬಿರ್ ಎಂದರೆ ಬೆಳ್ಳಿ. ಇಥಿಯೋಪಿಯದ ಇಂದಿನ ನಾಣ್ಯದ ಹೆಸರೂ ಅದೇ. ಅರೇಬಿಯದಲ್ಲಿ 'ರಿಯಾಲ್ ಫ್ರಾನ್ಸಿ' ಎಂಬ ಹೆಸರು ಬಳಕೆಯಲ್ಲಿತ್ತು. ಭುಜಪದಕದ ಮುತ್ತುಗಳನ್ನು ಚುಕ್ಕಿಗಳೆಂದು ಎಣಿಸುತ್ತಿದ್ದ ಜನರು ಇದನ್ನು 'ಅಬು ನುಕ್ತಾ', ಅಂದರೆ ಚುಕ್ಕಿಗಳುಳ್ಳದ್ದು, ಎಂದೂ ಕರೆದರು. ಮುತ್ತುಗಳ ಎಣಿಕೆ ತಪ್ಪಿದ ಅಥವಾ ಸವೆದು ಕಾಣದಾದ ನಾಣ್ಯವನ್ನು ಅವರು ತಿರಸ್ಕರಿಸುತ್ತಿದ್ದರು, ಇಲ್ಲವೇ ಕಡಿಮೆ ಬೆಲೆಗೆ ತೆಗೆದುಕೊಳ್ಳುತ್ತಿದ್ದರು.

ಈ ನಾಣ್ಯದ ಮೌಲ್ಯವನ್ನು ಯಾವ ಸರ್ಕಾರವೂ ಗೊತ್ತುಪಡಿಸುತ್ತಿರಲಿಲ್ಲ. ಬೆಳ್ಳಿಯ ಬೆಲೆಯೊಂದಿಗೆ, ಕಾಫಿಯ ಕೊಯ್ಲಿನೊಂದಿಗೆ, ಹಡಗುಗಳು ಬರುವ ಕಾಲದೊಂದಿಗೆ ಅದು ಏರಿಳಿಯುತ್ತಿತ್ತು. ನಾಣ್ಯದ ಅಭಾವವಿದ್ದಾಗ ಅದರಲ್ಲಿರುವ ಬೆಳ್ಳಿಗಿಂತ ಹೆಚ್ಚಿನ ಬೆಲೆ ಬರುತ್ತಿತ್ತು. ಈ ವ್ಯತ್ಯಾಸವೇ ಅದನ್ನು ಮತ್ತೆ ಮತ್ತೆ ಟಂಕಿಸಲು ವ್ಯಾಪಾರಿಗಳನ್ನು ಪ್ರೇರೇಪಿಸಿತು. ಬೆಳ್ಳಿಯನ್ನು ಟಂಕಸಾಲೆಗೆ ಒಪ್ಪಿಸಿ, ಟಂಕನದ ಕೂಲಿಯನ್ನು ಕೊಟ್ಟು, ಟಾಲರ್‌ಗಳನ್ನು ಒಯ್ದರೂ ಅವರಿಗೆ ಲಾಭವಿತ್ತು.

1867-68ರಲ್ಲಿ ಸರ್ ರಾಬರ್ಟ್ ನೇಪಿಯರನ ನಾಯಕತ್ವದಲ್ಲಿ ಮುಂಬಯಿಯಿಂದ ಇಥಿಯೋಪಿಯಕ್ಕೆ ಹೊರಟ ಬ್ರಿಟಿಷ್ ದಂಡಯಾತ್ರೆಯ ಸಂದರ್ಭದಲ್ಲಿ ಈ ನಾಣ್ಯದ ಶಕ್ತಿ ಸ್ಪಷ್ಟವಾಗಿ ಕಾಣಿಸಿತು. ಹಾದಿಯ ಜನರಿಂದ ಧಾನ್ಯ, ಮೇವು ಮತ್ತು ಸಾಗಣೆಯ ಪ್ರಾಣಿಗಳನ್ನು ಪಡೆಯಲು ಟಾಲರ್‌ಗಳೇ ಬೇಕಾದುದರಿಂದ, ಆ ಸೈನ್ಯಕ್ಕಾಗಿ ವಿಯೆನ್ನಾದ ಟಂಕಸಾಲೆಯಿಂದ ಅವನ್ನು ದೊಡ್ಡ ಪ್ರಮಾಣದಲ್ಲಿ ತರಿಸಬೇಕಾಯಿತು. 1894ರಲ್ಲಿ ಇಥಿಯೋಪಿಯದ ಚಕ್ರವರ್ತಿ ಎರಡನೆಯ ಮೆನೆಲಿಕ್ ಅದೇ ತೂಕದ ತನ್ನದೇ ಬೆಳ್ಳಿ ನಾಣ್ಯವನ್ನು ಪ್ಯಾರಿಸಿನಲ್ಲಿ ಮಾಡಿಸಿದನಾದರೂ, ಹಳೆಯ ಟಾಲರನ್ನು ಮಾರುಕಟ್ಟೆಯಿಂದ ಹೊರದೂಡಲು ಅವನಿಂದ ಸಾಧ್ಯವಾಗಲಿಲ್ಲ.

6. ಟಂಕನ ಕೇಂದ್ರಗಳು: ವಿಯೆನ್ನಾದಿಂದ ಮುಂಬಯಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾ, ಪ್ರಾಗ್, ಮಿಲಾನ್, ವೆನಿಸ್ ಮೊದಲಾದ ಟಂಕಸಾಲೆಗಳು ಈ ನಾಣ್ಯವನ್ನು ತಯಾರಿಸಿದವು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಇದನ್ನು ಅಧಿಕೃತ ವ್ಯಾಪಾರ ನಾಣ್ಯವೆಂದು ಘೋಷಿಸಿದನು. ಮರುವರ್ಷ ಅಕ್ಟೋಬರ್ 31ಕ್ಕೆ ಆಸ್ಟ್ರಿಯಾದೊಳಗೆ ಇದರ ಕಾನೂನುಬದ್ಧ ಚಲಾವಣೆ ಕೊನೆಗೊಂಡಿತು. ಅಂದಿನಿಂದ ಇದು ತವರಿನಲ್ಲಿ ನಡೆಯದ, ಪರದೇಶಗಳಿಗಾಗಿಯೇ ತಯಾರಾಗುವ ನಾಣ್ಯವಾಯಿತು.

1935ರಲ್ಲಿ ಇಥಿಯೋಪಿಯವನ್ನು ಆಕ್ರಮಿಸಲು ಸಿದ್ಧತೆ ನಡೆಸಿದ್ದ ಮುಸೊಲಿನಿಯ ಇಟಲಿ, ಆಸ್ಟ್ರಿಯಾದೊಂದಿಗೆ ಒಪ್ಪಂದ ಮಾಡಿಕೊಂಡು ಇದರ ಅಚ್ಚುಗಳನ್ನೂ 25 ವರ್ಷಗಳ ಟಂಕನದ ಹಕ್ಕನ್ನೂ ಪಡೆಯಿತು. ರೋಮ್ ಟಂಕಸಾಲೆಯಲ್ಲಿ ತಯಾರಾದ ಟಾಲರ್‌ಗಳು ಯುದ್ಧಸಾಮಗ್ರಿಯ ಒಂದು ಭಾಗವೇ ಆದವು. ಕೆಂಪು ಸಮುದ್ರದ ವ್ಯಾಪಾರವನ್ನು ಇಟಲಿಯ ಏಕಸ್ವಾಮ್ಯಕ್ಕೆ ಬಿಟ್ಟುಕೊಡಲು ಇತರ ರಾಷ್ಟ್ರಗಳು ಒಪ್ಪಲಿಲ್ಲ. ಲಂಡನ್ 1936ರಲ್ಲಿ, ಬ್ರಸೆಲ್ಸ್ 1937ರಲ್ಲಿ ಟಂಕನ ಆರಂಭಿಸಿದವು. ಪ್ಯಾರಿಸಿನಲ್ಲಿಯೂ ಇದು ನಡೆಯಿತು. ಎರಡನೆಯ ಮಹಾಯುದ್ಧದ ನಂತರ ಬರ್ಮಿಂಗ್‌ಹ್ಯಾಮ್ ಕೂಡ ಈ ಸಾಲಿಗೆ ಸೇರಿತು.

ಭಾರತೀಯ ಸಂಶೋಧಕರಿಗೆ ಇವುಗಳಲ್ಲಿ ಹೆಚ್ಚು ಪ್ರಸ್ತುತವಾದುದು ಮುಂಬಯಿ. ಪೂರ್ವ ಆಫ್ರಿಕದ ಯುದ್ಧರಂಗಕ್ಕೆ ಲಂಡನ್ನಿನಿಂದ ನಾಣ್ಯಗಳನ್ನು ಸಾಗಿಸುವುದು ಅಪಾಯಕರವಾದಾಗ, 1940-41ರಲ್ಲಿ ಮುಂಬಯಿ ಟಂಕಸಾಲೆಯಲ್ಲಿ ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಟಾಲರ್‌ಗಳನ್ನು ತಯಾರಿಸಲಾಯಿತು. ಇದೇ ಅವಧಿಯಲ್ಲಿ ಭಾರತದ ರೂಪಾಯಿಯ ಗತಿ ಏನಾಯಿತೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. 1940ರಲ್ಲಿ ರೂಪಾಯಿಯ ಬೆಳ್ಳಿಯ ಪ್ರಮಾಣವನ್ನು ಹನ್ನೆರಡರಲ್ಲಿ ಹನ್ನೊಂದು ಭಾಗದಿಂದ ಅರ್ಧಕ್ಕೆ ಇಳಿಸಿ, ಉಳಿದರ್ಧಕ್ಕೆ ತಾಮ್ರ, ನಿಕ್ಕಲ್ ಮತ್ತು ಸತುವನ್ನು ಬೆರೆಸಲಾಯಿತು. ಅಂದರೆ ಭಾರತೀಯನ ಕೈಗೆ ಅರೆಬೆಳ್ಳಿಯ ರೂಪಾಯಿ ಬಂದ ಕಾಲದಲ್ಲಿಯೇ, ಭಾರತದ ಟಂಕಸಾಲೆಯಿಂದ ಸಾವಿರಕ್ಕೆ 833 ಭಾಗ ಬೆಳ್ಳಿಯುಳ್ಳ ಟಾಲರ್ ಹೊರದೇಶಕ್ಕೆ ಹೋಗುತ್ತಿತ್ತು. ರೂಪಾಯಿಯು ಕಾನೂನಿನ ಬಲದಿಂದ ನಡೆಯುತ್ತಿತ್ತು. ಟಾಲರಿಗೆ ಅಂತಹ ಬಲವಿರಲಿಲ್ಲವಾದ್ದರಿಂದ ಅದರ ಬೆಳ್ಳಿಯನ್ನು ಕಡಿಮೆ ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ವಸಾಹತು ಕಾಲದ ಆರ್ಥಿಕ ಇತಿಹಾಸವನ್ನು ಅಭ್ಯಸಿಸುವವರಿಗೆ ಈ ಎರಡು ನಾಣ್ಯಗಳ ಹೋಲಿಕೆ ಬೆಲೆಯುಳ್ಳ ಸಾಕ್ಷ್ಯವಾಗಿದೆ.

ಇಥಿಯೋಪಿಯವು 1945ರಲ್ಲಿ ಹೊಸ ನಾಣ್ಯಪದ್ಧತಿಯನ್ನು ಜಾರಿಗೆ ತಂದಿತು. 1960ರಲ್ಲಿ ಇಟಲಿಗೆ ನೀಡಿದ್ದ ಹಕ್ಕಿನ ಅವಧಿ ಮುಗಿಯಿತು. ಇತರ ದೇಶಗಳೂ ಕ್ರಮೇಣ ಟಂಕನವನ್ನು ನಿಲ್ಲಿಸಿದವು. ಆನಂತರ ಈ ನಾಣ್ಯ ವಿಯೆನ್ನಾದಲ್ಲಿ ಮಾತ್ರ, ಹೆಚ್ಚಾಗಿ ಸಂಗ್ರಾಹಕರಿಗಾಗಿ ಮತ್ತು ಬೆಳ್ಳಿಯನ್ನು ಕೂಡಿಡುವವರಿಗಾಗಿ, ತಯಾರಾಗುತ್ತಿದೆ.

7. ಗುರುತಿಸುವ ವಿಧಾನ

ಮೊದಲು ರಾಣಿಯ ಜೀವಿತಕಾಲದ ನಾಣ್ಯಗಳನ್ನು ಮರಣೋತ್ತರ ನಾಣ್ಯಗಳಿಂದ ಬೇರ್ಪಡಿಸಬೇಕು. 1741ರಿಂದ 1779ರವರೆಗಿನ ಇಸವಿಯುಳ್ಳವು ಸಾಮಾನ್ಯವಾಗಿ ಮೊದಲ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ವೈವಿಧ್ಯ ಹೆಚ್ಚು. ರಾಣಿಯ ವಯಸ್ಸಿಗನುಗುಣವಾಗಿ ಮುಖಚಿತ್ರ ಬದಲಾಗುತ್ತದೆ, ಪ್ರಾಂತಕ್ಕನುಗುಣವಾಗಿ ಲಾಂಛನ ಬದಲಾಗುತ್ತದೆ. ಉದಾಹರಣೆಗೆ, ಹಂಗೇರಿ ರಾಜ್ಯದ ಕ್ರೆಮ್ನಿತ್ಸಾ ಟಂಕಸಾಲೆಯ ಟಾಲರ್‌ಗಳಲ್ಲಿ ಹದ್ದಿನ ಬದಲು ಶಿಶುವನ್ನೆತ್ತಿಕೊಂಡ ಮೇರಿಮಾತೆಯ ಚಿತ್ರವಿದೆ. ನಿಜವಾದ ಸಮಸ್ಯೆ ಇರುವುದು 1780ರ ಇಸವಿಯವುಗಳಲ್ಲಿ.

ಈ ಸಮಸ್ಯೆಯನ್ನು ಬಿಡಿಸುವಲ್ಲಿ ಹಲವು ವಿದ್ವಾಂಸರು ಶ್ರಮಿಸಿದ್ದಾರೆ. ಫಿಶೆಲ್ 1912ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥವು ಈ ನಾಣ್ಯದ ವ್ಯಾಪಾರ ಚರಿತ್ರೆಯ ಅಧ್ಯಯನಕ್ಕೆ ಬುನಾದಿ ಹಾಕಿತು. ಮೈಕೆಲ್ ಬ್ರೂಮ್ 1972ರ ಪ್ರಬಂಧದಲ್ಲಿ ಮರುಟಂಕಗಳನ್ನು ವರ್ಗೀಕರಿಸಿದರು. ವಾಲ್ಟರ್ ಹಾಫ್ನರ್ ಅವರ 1984ರ ಕೋಶವು ಅಚ್ಚುಗಳ ಸೂಕ್ಷ್ಮ ಭೇದಗಳನ್ನು ಪಟ್ಟಿಮಾಡಿತು. ಇವರ ವಿಧಾನದ ಸಾರ ಇಷ್ಟು: ಹೊಸ ಅಚ್ಚನ್ನು ಕೆತ್ತುವಾಗ ಕುಶಲಕರ್ಮಿ ಎಷ್ಟೇ ನಿಷ್ಠೆಯಿಂದ ಹಳೆಯದನ್ನು ಅನುಸರಿಸಿದರೂ ಚಿಕ್ಕ ವ್ಯತ್ಯಾಸಗಳು ಉಳಿಯುತ್ತವೆ. ಭುಜಪದಕದ ಮುತ್ತುಗಳ ಜೋಡಣೆ, ತಲೆಪಟ್ಟಿಯ ರತ್ನಗಳು, ಮುಸುಕಿನ ಮಡಿಕೆಗಳು, ಹದ್ದಿನ ರೆಕ್ಕೆ ಮತ್ತು ಬಾಲದ ಗರಿಗಳು, ಇಸವಿಯ ಮುಂದಿನ ಓರೆ ಶಿಲುಬೆಯ ಆಕಾರ, ಬರಹದ ಚುಕ್ಕೆಗಳ ಸ್ಥಾನ, ಅಂಚಿನ ಬಳ್ಳಿಯ ವಿನ್ಯಾಸ, ಇವೆಲ್ಲವನ್ನೂ ಒಟ್ಟಿಗೆ ಪರಿಶೀಲಿಸಬೇಕು. ಯಾವುದಾದರೂ ಒಂದೇ ಲಕ್ಷಣವನ್ನು ಹಿಡಿದು ನಿರ್ಣಯಿಸುವುದು ಸರಿಯಲ್ಲ; ಸವೆದ ನಾಣ್ಯದಲ್ಲಿ ಮೊದಲು ಅಳಿಸುವುದು ಇಂತಹ ಸೂಕ್ಷ್ಮ ವಿವರಗಳೇ.

ಲೋಹದ ಪರೀಕ್ಷೆ ಎರಡನೆಯ ಹಂತ. ಹೆಚ್ಚು ಸವೆಯದ ನಾಣ್ಯದ ತೂಕ 28 ಗ್ರಾಮಿಗೆ, ವ್ಯಾಸ 40 ಮಿಲಿಮೀಟರಿಗೆ ಸಮೀಪದಲ್ಲಿರಬೇಕು. ಈ ಬೆರಕೆಯ ಸಾಪೇಕ್ಷ ಸಾಂದ್ರತೆ ಸುಮಾರು 10.2. ಆದ್ದರಿಂದ 28.07 ಗ್ರಾಮಿನ ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ 25.3 ಗ್ರಾಂ ಆಸುಪಾಸಿನ ತೂಕ ಬರಬೇಕು. ನಾಣ್ಯಕ್ಕೆ ಯಾವ ಹಾನಿಯೂ ಆಗದ ಈ ಸರಳ ಪರೀಕ್ಷೆ ಬಹುಪಾಲು ನಕಲಿಗಳನ್ನು ಬಯಲುಮಾಡುತ್ತದೆ. ಚಿನಿವಾರರು ಹಿಂದೆ ಮಾಡುತ್ತಿದ್ದಂತೆ ಒರೆಗಲ್ಲಿಗೆ ತಿಕ್ಕುವುದಾಗಲಿ, ಅಂಚನ್ನು ಕೆತ್ತಿ ನೋಡುವುದಾಗಲಿ ಇಂದು ಸಲ್ಲದು.

ಪ್ರಯೋಗಾಲಯದ ನೆರವು ದೊರೆಯುವಲ್ಲಿ ಕ್ಷ-ಕಿರಣ ಪ್ರತಿದೀಪ್ತಿಯ ವಿಧಾನದಿಂದ ಲೋಹಗಳ ಪ್ರಮಾಣವನ್ನು ಅಳೆಯಬಹುದು. ಹಳೆಯ ಕಾಲದ ಬೆಳ್ಳಿಯಲ್ಲಿ ಚಿನ್ನ ಮತ್ತು ಸೀಸದ ಅತ್ಯಲ್ಪ ಅಂಶಗಳು ಉಳಿದಿರುತ್ತವೆ. ವಿದ್ಯುದ್ವಿಭಜನೆಯಿಂದ ಶುದ್ಧೀಕರಿಸಿದ ಆಧುನಿಕ ಬೆಳ್ಳಿಯಲ್ಲಿ ಚಿನ್ನ ಬಹುಮಟ್ಟಿಗೆ ಕಾಣುವುದಿಲ್ಲ. ಆದರೆ ಈ ವಿಧಾನವು ನಾಣ್ಯದ ಮೇಲ್ಮೈಯನ್ನು ಮಾತ್ರ ಅಳೆಯುತ್ತದೆ. ಮೇಲ್ಪದರದಿಂದ ತಾಮ್ರ ಕರಗಿಹೋದ ನಾಣ್ಯದಲ್ಲಿ ಬೆಳ್ಳಿಯ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುವುದೆಂಬುದನ್ನು ಮರೆಯಬಾರದು.

8. ಅನುಕರಣೆ, ಒತ್ತುಮುದ್ರೆ ಮತ್ತು ನಕಲಿಗಳು

ಇಟಲಿಯು ತನ್ನ ಎರಿಟ್ರಿಯಾ ವಸಾಹತಿಗಾಗಿ 1918ರಲ್ಲಿ ಹೊರಡಿಸಿದ ಬೆಳ್ಳಿ ನಾಣ್ಯವು ಮರಿಯಾ ತೆರೇಸಾ ಟಾಲರನ್ನೇ ಹೋಲುವ ಸ್ತ್ರೀಮುಖವನ್ನು ಹೊಂದಿತ್ತು. ತೂಕದಲ್ಲಿ ಸಮನಾಗಿದ್ದು ಬೆಳ್ಳಿಯ ಪ್ರಮಾಣದಲ್ಲಿ ತುಸು ಹೆಚ್ಚೇ ಇದ್ದರೂ ಜನರು ಅದನ್ನು ಸ್ವೀಕರಿಸಲಿಲ್ಲ. ಅಕ್ಷರ ಓದಲು ಬಾರದ ರೈತನೂ ಪರಿಚಿತ ಮುಖವನ್ನು ಅಪರಿಚಿತ ಮುಖದಿಂದ ಬೇರ್ಪಡಿಸಬಲ್ಲವನಾಗಿದ್ದನು. ಇಂದು ಈ ಅನುಕರಣೆಯೇ ಸಂಗ್ರಾಹಕರು ಅರಸುವ ವಸ್ತುವಾಗಿದೆ.

ಕೆಲವು ಆಡಳಿತಗಳು ಟಾಲರಿನ ಮೇಲೆ ತಮ್ಮ ಚಿಕ್ಕ ಮುದ್ರೆಯನ್ನು ಒತ್ತಿ ಅದನ್ನು ತಮ್ಮ ಪ್ರದೇಶದಲ್ಲಿ ಚಲಾವಣೆಗೆ ಬಿಟ್ಟವು. ಪೋರ್ಚುಗೀಸರ ಮೊಜಾಂಬಿಕ್ ಪ್ರಾಂತದಲ್ಲಿ ಕಿರೀಟದ ಕೆಳಗೆ 'ಪಿ.ಎಂ.' ಎಂಬ ಅಕ್ಷರಗಳುಳ್ಳ ಒತ್ತುಮುದ್ರೆ ಬಳಕೆಯಾಯಿತು. ಹಿಜಾಜ್ ಮತ್ತು ನಜ್ದ್ ಎಂಬ ಅರಬ್ಬಿ ಮುದ್ರೆಗಳುಳ್ಳ ಟಾಲರ್‌ಗಳೂ ಮಾರಾಟಕ್ಕೆ ಬರುತ್ತವೆ. ಇಂತಹ ಮುದ್ರೆಗಳನ್ನು ಇತ್ತೀಚೆಗೆ ಸಂಗ್ರಾಹಕರಿಗಾಗಿಯೇ ಒತ್ತಿದ ಉದಾಹರಣೆಗಳು ಬಹಳ. ಇಲ್ಲಿ ಒಂದು ತಾರ್ಕಿಕ ಪರೀಕ್ಷೆ ಸಹಾಯಕವಾಗುತ್ತದೆ. ಮುದ್ರೆ ಬಳಕೆಯಲ್ಲಿದ್ದ ಕಾಲಕ್ಕಿಂತ ಟಾಲರಿನ ಅಚ್ಚು ಈಚಿನದಾಗಿದ್ದರೆ ಆ ಮುದ್ರೆ ಖೋಟಾ ಎಂಬುದು ನಿಸ್ಸಂಶಯ. 1880ರ ದಶಕದ ಮುದ್ರೆಯು 1936ರ ಲಂಡನ್ ಅಚ್ಚಿನ ಮೇಲೆ ಇರಲು ಸಾಧ್ಯವಿಲ್ಲ. ಹೀಗೆ ಅಚ್ಚಿನ ಕಾಲನಿರ್ಣಯವು ಮುದ್ರೆಯ ಸಾಚಾತನವನ್ನೂ ತೀರ್ಮಾನಿಸುತ್ತದೆ.

9. ಸಂಗ್ರಾಹಕನ ಹೊಣೆಗಾರಿಕೆ

ಮೇಲಿನ ವಿವರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಾಣ್ಯವು ತನ್ನ ಕಾಲವನ್ನು ತಾನೇ ಸರಿಯಾಗಿ ಹೇಳಲಾರದಾದಾಗ, ಅದು ದೊರೆತ ಸಂದರ್ಭವೇ ಅದರ ಪರವಾಗಿ ಮಾತನಾಡಬೇಕು. ಒಂದು ನಿಧಿಯಲ್ಲಿ 1780ರ ಹತ್ತು ಟಾಲರ್‌ಗಳಿದ್ದು ಅವುಗಳಲ್ಲಿ ಒಂದು 1940ರ ಮುಂಬಯಿ ಅಚ್ಚಿನದಾಗಿದ್ದರೆ, ಆ ನಿಧಿಯನ್ನು ಹೂತದ್ದು 1940ಕ್ಕಿಂತ ಮುಂಚೆ ಅಲ್ಲ. ಆ ಒಂದನ್ನು ಪ್ರತ್ಯೇಕಿಸಿ ಮಾರಿದರೆ ಉಳಿದ ಒಂಬತ್ತು ನಾಣ್ಯಗಳು ಸಂಶೋಧಕನನ್ನು ನೂರಾರು ವರ್ಷ ಹಿಂದಕ್ಕೆ ತಪ್ಪಾಗಿ ಕರೆದೊಯ್ಯುತ್ತವೆ. ಆದ್ದರಿಂದ ಒಟ್ಟಿಗೆ ದೊರೆತ ನಾಣ್ಯಗಳನ್ನು ಬಿಡಿಬಿಡಿಯಾಗಿ ಹಂಚುವ ಮೊದಲು ಅವುಗಳ ತೂಕ, ಎರಡೂ ಮುಖಗಳ ಮತ್ತು ಅಂಚಿನ ಛಾಯಾಚಿತ್ರ, ದೊರೆತ ಸ್ಥಳ ಮತ್ತು ಜೊತೆಗಿದ್ದ ವಸ್ತುಗಳ ವಿವರವನ್ನು ದಾಖಲಿಸುವುದು ಅತ್ಯವಶ್ಯ.

ಕರಾವಳಿ ಕರ್ನಾಟಕದ ಅಭ್ಯಾಸಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು; ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನು ನಡೆಸುತ್ತಿದ್ದನು. ಈ ಕರಾವಳಿಯ ಹಳೆಯ ಮನೆತನದಲ್ಲಿ 1780ರ ಟಾಲರ್ ಕಂಡುಬಂದರೆ ಅದನ್ನು ಟಿಪ್ಪುವಿನ ಕಾಲದ ವ್ಯಾಪಾರದ ಕುರುಹೆಂದು ಹೇಳುವ ಆಸೆ ಸಹಜ. ಆದರೆ ಅದು 1936ರ ನಂತರ ಕೊಲ್ಲಿಯಿಂದ ಬಂದುದೂ ಆಗಿರಬಹುದು. ಅಚ್ಚನ್ನು ಪರೀಕ್ಷಿಸದೆ ತೀರ್ಮಾನಕ್ಕೆ ಬರುವುದು ಶಾಸ್ತ್ರಸಮ್ಮತವಲ್ಲ.

ಕಾನೂನಿನ ದೃಷ್ಟಿಯಿಂದಲೂ ಅಚ್ಚಿನ ಕಾಲ ಮುಖ್ಯ. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯು ಕನಿಷ್ಠ ನೂರು ವರ್ಷ ಹಳೆಯದಾದ ನಾಣ್ಯವನ್ನು ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ. ಅಂತಹುದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಸಾಗಿಸುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ವಿಯೆನ್ನಾ ಟಾಲರ್ ಈ ವ್ಯಾಖ್ಯೆಯೊಳಗೆ ಬರುತ್ತದೆ. 1940ರ ಮುಂಬಯಿ ಟಾಲರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಎರಡರ ಮೇಲೂ ಇರುವುದು 1780 ಎಂಬ ಒಂದೇ ಇಸವಿ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗಳ ಗಮನಕ್ಕೆ ತರಬೇಕೆಂಬ ನಿಯಮವನ್ನು ಎಲ್ಲ ಸಂದರ್ಭಗಳಲ್ಲಿಯೂ ಪಾಲಿಸಬೇಕು.

ಸಂರಕ್ಷಣೆಯ ಬಗ್ಗೆ ಒಂದೆರಡು ಮಾತು. ಹಳೆಯ ಬೆಳ್ಳಿಯ ಮೇಲಿನ ಕಂದು ಅಥವಾ ಕಪ್ಪು ಲೇಪವು ಗಾಳಿಯಲ್ಲಿನ ಗಂಧಕದಿಂದ ಉಂಟಾಗುತ್ತದೆ. ಹುಣಸೆಹಣ್ಣು, ವಿಭೂತಿ ಅಥವಾ ಪಾಲಿಶ್ ಪುಡಿಯಿಂದ ಉಜ್ಜಿ ಅದನ್ನು ತೆಗೆದರೆ, ಗುರುತಿಸಲು ಅಗತ್ಯವಾದ ಸೂಕ್ಷ್ಮ ಗೆರೆಗಳೂ ಅದರೊಂದಿಗೆ ಹೋಗುತ್ತವೆ. ಅಗ್ಗದ ಪಿ.ವಿ.ಸಿ. ಚೀಲಗಳು ಕಾಲಕ್ರಮದಲ್ಲಿ ನಾಣ್ಯಕ್ಕೆ ಅಂಟಿ ಹಸಿರು ಕಲೆಯನ್ನು ಉಂಟುಮಾಡುತ್ತವೆ. ಆಮ್ಲರಹಿತ ಕಾಗದದ ಲಕೋಟೆ ಉತ್ತಮ. ಆಭರಣವಾಗಿ ಬಳಕೆಯಾಗಿ ತೂತು ಬಿದ್ದ ಅಥವಾ ಕೊಂಡಿ ಬೆಸೆದ ಟಾಲರ್‌ಗಳನ್ನು ದೋಷಯುಕ್ತವೆಂದು ಕಡೆಗಣಿಸಬಾರದು. ಯೆಮನ್, ಒಮಾನ್ ಮತ್ತು ಇಥಿಯೋಪಿಯದ ಸ್ತ್ರೀಯರು ಅವನ್ನು ಕೊರಳಲ್ಲಿ ಧರಿಸುತ್ತಿದ್ದರು. ಆ ತೂತು ಕೂಡ ನಾಣ್ಯದ ಚರಿತ್ರೆಯ ಭಾಗ.

10. ಉಪಸಂಹಾರ

ಮರಿಯಾ ತೆರೇಸಾ ಟಾಲರ್ ಅಪರೂಪದ ನಾಣ್ಯವಲ್ಲ. ಅದರ ಬಹುಪಾಲು ಪ್ರತಿಗಳ ಬೆಲೆ ಅವುಗಳಲ್ಲಿರುವ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಆದರೆ ನಾಣ್ಯದ ಮೇಲಿನ ಬರಹವನ್ನು ಓದುವುದಕ್ಕೂ ನಾಣ್ಯವನ್ನು ಅರಿಯುವುದಕ್ಕೂ ಇರುವ ಅಂತರವನ್ನು ಇದರಷ್ಟು ಸ್ಪಷ್ಟವಾಗಿ ಕಲಿಸುವ ನಾಣ್ಯಗಳು ವಿರಳ. ನಮ್ಮ ವಸ್ತುಸಂಗ್ರಹಾಲಯಗಳ ಮತ್ತು ವಿಶ್ವವಿದ್ಯಾಲಯಗಳ ನಾಣ್ಯಸೂಚಿಗಳಲ್ಲಿ ಇಂತಹ ನಾಣ್ಯವನ್ನು ನಮೂದಿಸುವಾಗ 'ನಾಣ್ಯದ ಮೇಲಿನ ಇಸವಿ' ಮತ್ತು 'ಟಂಕಿಸಿದ ಕಾಲ' ಎಂಬ ಎರಡು ಪ್ರತ್ಯೇಕ ಅಂಕಣಗಳಿರುವುದು ಅಪೇಕ್ಷಣೀಯ. ಎರಡನೆಯ ಅಂಕಣವನ್ನು ತುಂಬಲು ಸದ್ಯಕ್ಕೆ ಆಧಾರ ಸಾಲದಿದ್ದರೆ ಅದನ್ನು ಖಾಲಿ ಬಿಡಬಹುದು. ಮೊದಲನೆಯದನ್ನೇ ಎರಡನೆಯದರಲ್ಲಿ ನಕಲು ಮಾಡಿದರೆ ಮುಂದಿನ ಸಂಶೋಧಕರಿಗೆ ಆಗುವ ಹಾನಿ ಅದಕ್ಕಿಂತ ದೊಡ್ಡದು.